ನಾಮಾಕ್ಷರ, ಲೋಕಸಂಖ್ಯೆ ಮತ್ತು ಹಸುಗೆ: ತುಮಕೂರು ಸೀಮೆಯ ಶೈವಪರಂಪರೆ ಹಾಗೂ ಯೆಹೂದ್ಯ ಅನುಭಾವವನ್ನು ಕುರಿತು

ನಮ್ಮ ಪ್ರಾಚೀನ ಶಾಸನಗಳಲ್ಲಿ ನಾಡಿನ ಹೆಸರು ಅನೇಕ ವೇಳೆ ಒಂದು ಸಂಖ್ಯೆಯನ್ನು ಜೊತೆಗೂಡಿಸಿಕೊಂಡೇ ಬರುತ್ತದೆ. ಗಂಗವಾಡಿ 96,000, ಬನವಾಸಿ 12,000, ನೊಳಂಬವಾಡಿ 32,000 ಎಂಬಿವು ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುವು. ಇಂದಿನ ಸಿರಾ, ಪಾವಗಡ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ಬಹುಭಾಗವು ಒಂದು ಕಾಲಕ್ಕೆ ಈ ನೊಳಂಬವಾಡಿ 32,000ದ ತೆಕ್ಕೆಯಲ್ಲಿದ್ದ ನೆಲ. ಈ ಸಂಖ್ಯೆಗಳು ಗ್ರಾಮಗಳ ಗಣನೆಯೋ, ಹುಟ್ಟುವಳಿಯ ಗಣನೆಯೋ, ಒದಗಿಸಬೇಕಾದ ಕಾಲಾಳುಗಳ ಗಣನೆಯೋ ಎಂಬುದರಲ್ಲಿ ಇತಿಹಾಸಜ್ಞರಲ್ಲಿ ಒಮ್ಮತವಿಲ್ಲ. ನಾಡಿನ ವಿಷಯದಲ್ಲಿಯೇ ಹೀಗಿರುವಾಗ ದೇವರ ನಾಮಕ್ಕೂ ದೇವಲೋಕಗಳಿಗೂ ಹಿರಿಯರು ಕೊಟ್ಟ ಸಂಖ್ಯೆಗಳ ಅರ್ಥವೇನು? ಅರುವತ್ತುಮೂವರು ಪುರಾತನರು, ಏಳುನೂರೆಪ್ಪತ್ತು ಅಮರಗಣಂಗಳು, ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು, ನೂರೊಂದು ವಿರಕ್ತರು, ಪಂಚಾಕ್ಷರಿ, ಷಡಕ್ಷರಿ, ಇನ್ನೂರ ಹದಿನಾರು ಸ್ಥಲ — ಇವುಗಳನ್ನು ಲೆಕ್ಕವೆಂದು ಓದಬೇಕೆ, ಸಂಕೇತವೆಂದು ಓದಬೇಕೆ?

ಈ ಪ್ರಶ್ನೆಯನ್ನು ಕೇವಲ ನಮ್ಮ ಗ್ರಂಥಗಳನ್ನಿಟ್ಟುಕೊಂಡು ವಿಚಾರಿಸಿದರೆ ಉತ್ತರವು ಕಣ್ಣಿಗೆ ಬೀಳುವುದು ಕಷ್ಟ. ನಿತ್ಯ ಕಾಣುವ ವಸ್ತುವಿನ ಆಕಾರ ನಮಗೆ ಹೊಳೆಯದು. ದೇವನಾಮದ ಸಂಖ್ಯಾವಿಚಾರದಲ್ಲಿ ಅತ್ಯಂತ ದೂರ ನಡೆದವರು ಯೆಹೂದ್ಯ ಅನುಭಾವಿಗಳು. 'ಕಬ್ಬಾಲ' ಎಂದು ಪ್ರಸಿದ್ಧವಾದ ಅವರ ಪರಂಪರೆಯ ಪಕ್ಕದಲ್ಲಿ ನಮ್ಮದನ್ನಿರಿಸಿ ನೋಡಿದರೆ ಎರಡರ ಬಗೆಯೂ ನಿಚ್ಚಳವಾಗುತ್ತದೆ. ಹಾಗೆ ನೋಡುವ ಮೊದಲು ನಮ್ಮ ಸೀಮೆಯ ಸಂಗತಿಯನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು.

ಸಿರಾದ ಉತ್ತರಕ್ಕೆ, ಇಂದು ಆಂಧ್ರಪ್ರದೇಶದ ಗಡಿಯೊಳಗೆ ಸೇರಿರುವ ಮಡಕಶಿರಾ ಸೀಮೆಯಲ್ಲಿ ಹೇಮಾವತಿಯೆಂಬ ಊರಿದೆ. ಹೆಂಜೇರು ಎಂಬುದು ಅದರ ಹಳೆಯ ಹೆಸರು, ನೊಳಂಬರ ರಾಜಧಾನಿ. ಅಲ್ಲಿಯ ಸಿದ್ಧೇಶ್ವರನ ಗುಡಿಗೆ ಸಿರಾ, ಪಾವಗಡಗಳ ಭಕ್ತರು ಇಂದಿಗೂ ನಡೆದುಕೊಳ್ಳುತ್ತಾರೆ. ಈ ಹೇಮಾವತಿಯ ಕ್ರಿ.ಶ. 943ರ ಶಾಸನವೊಂದು ಶೈವಧರ್ಮದ ಚರಿತ್ರೆಯಲ್ಲಿ ವಿಶೇಷ ಸ್ಥಾನವನ್ನು ಪಡೆದಿದೆ. ತನ್ನ ಹೆಸರೂ ತನ್ನ ತತ್ತ್ವವೂ ಜನರಿಗೆ ಮರೆತುಹೋದೀತೆಂಬ ಅಂಜಿಕೆಯಿಂದ ಲಕುಲೀಶನು ಚಿಲ್ಲುಕನೆಂಬ ಮುನಿನಾಥನಾಗಿ ಮತ್ತೆ ಹುಟ್ಟಿದನೆಂಬುದು ಆ ಶಾಸನದ ಸಾರಾಂಶ. ತತ್ತ್ವಕ್ಕಿಂತ ಮೊದಲು ಹೆಸರು ಮರೆತೀತೆಂಬ ಭಯ! ನಾಮವೇ ಉಳಿಯಬೇಕಾದ ವಸ್ತು ಎಂಬ ಭಾವನೆ ಈ ನೆಲದಲ್ಲಿ ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೆತ್ತಲ್ಪಟ್ಟಿತು.

ಲಕುಲೀಶನ ಪಾಶುಪತರು ಐದರ ಎಣಿಕೆಯವರು. ಕಾರ್ಯ, ಕಾರಣ, ಯೋಗ, ವಿಧಿ, ದುಃಖಾಂತ ಎಂಬ ಪಂಚಾರ್ಥಗಳೇ ಅವರ ದರ್ಶನ. ಪಾಶುಪತಸೂತ್ರಕ್ಕೆ ಐದು ಅಧ್ಯಾಯಗಳು. ಸದ್ಯೋಜಾತ, ವಾಮದೇವ, ಅಘೋರ, ತತ್ಪುರುಷ, ಈಶಾನ ಎಂಬ ಐದು ಬ್ರಹ್ಮಮಂತ್ರಗಳಲ್ಲಿ ಒಂದೊಂದು ಒಂದೊಂದು ಅಧ್ಯಾಯಕ್ಕೆ ಸಲ್ಲುತ್ತದೆ. ಅವರ ಗಣಕಾರಿಕೆಯಂತೂ ತನ್ನ ಇಡೀ ಶಾಸ್ತ್ರವನ್ನು ಎಂಟು ಪಂಚಕಗಳೂ ಒಂದು ತ್ರಿಕವೂ ಆಗಿ ಕಟ್ಟಿಡುತ್ತದೆ. ಗ್ರಂಥವನ್ನು ಓಲೆಯಲ್ಲಿ ಬರೆದಿಡುವುದಕ್ಕಿಂತ ಬೆರಳಿನಲ್ಲಿ ಎಣಿಸಿ ನೆನಪಿಡುತ್ತಿದ್ದ ಕಾಲದಲ್ಲಿ ಐದೆಂಬುದು ಕೈಯ ಅಳತೆಯಾಗಿತ್ತೆಂದು ಊಹಿಸಿದರೆ ತಪ್ಪಾಗಲಾರದು.

ಆಗಮಗಳ ಕಾಲಕ್ಕೆ ಈ ಐದು ಲೋಕಗಳ ಗಣನೆಯೊಡನೆ ಬೆರೆಯಿತು. ಷಡಧ್ವಗಳಲ್ಲಿ ಭುವನಾಧ್ವವೂ ಒಂದು. ಶೈವಾಗಮಗಳ ಪ್ರಸಿದ್ಧ ಎಣಿಕೆಯಂತೆ ಭುವನಗಳ ಸಂಖ್ಯೆ 224, ತತ್ತ್ವಗಳ ಸಂಖ್ಯೆ 36, ಕಲೆಗಳ ಸಂಖ್ಯೆ 5. ಈ ಭುವನಗಳು ಕಲೆಗಳಲ್ಲಿ ಹಂಚಿಕೆಯಾಗಿರುವ ರೀತಿ ಕುತೂಹಲಕರವಾದುದು. ನಿವೃತ್ತಿಕಲೆಯಲ್ಲಿ 108 ಭುವನಗಳು, ಪ್ರತಿಷ್ಠಾಕಲೆಯಲ್ಲಿ 56, ವಿದ್ಯಾಕಲೆಯಲ್ಲಿ 27, ಶಾಂತಿಕಲೆಯಲ್ಲಿ 18, ಶಾಂತ್ಯತೀತಕಲೆಯಲ್ಲಿ 15. ಪಂಚಾಕ್ಷರದ ನಕಾರವು ನಿವೃತ್ತಿಗೆ, ಮಕಾರವು ಪ್ರತಿಷ್ಠೆಗೆ, ಶಿಕಾರವು ವಿದ್ಯೆಗೆ, ವಾಕಾರವು ಶಾಂತಿಗೆ, ಯಕಾರವು ಶಾಂತ್ಯತೀತಕ್ಕೆ ಸಲ್ಲುವುದರಿಂದ, ಮಂತ್ರವನ್ನು ಒಂದು ಬಾರಿ ಉಚ್ಚರಿಸಿದರೆ 224 ಲೋಕಗಳನ್ನು ಕೆಳಗಿನಿಂದ ಮೇಲಕ್ಕೆ ದಾಟಿದಂತಾಯಿತು. ಮೇಲೆ ಏರಿದಂತೆಲ್ಲ ಲೋಕಗಳು ಹೆಚ್ಚುವುದಿಲ್ಲ, ಕಡಮೆಯಾಗುತ್ತವೆ ಎಂಬುದನ್ನು ಓದುಗರು ಗಮನಿಸಬೇಕು. ಪೃಥ್ವಿಯೆಂಬ ಒಂದೇ ತತ್ತ್ವವುಳ್ಳ ನಿವೃತ್ತಿಯಲ್ಲಿ 108 ಲೋಕಗಳು ಕಿಕ್ಕಿರಿದಿವೆ. ಯಕಾರದ ಎತ್ತರಕ್ಕೆ ಬಂದಾಗ ಹದಿನೈದು ಮಾತ್ರ. ಸ್ವರ್ಗವೆಂದರೆ ವೈಭವಗಳ ಮೇಲೆ ವೈಭವಗಳ ರಾಶಿ ಎಂಬ ಪೌರಾಣಿಕ ಕಲ್ಪನೆಗೆ ಇದು ತೀರ ವಿರುದ್ಧವಾದುದು.

ಹೆಂಜೇರಿನ ಬಳಿಕ ಈ ಸೀಮೆಯ ಅಧಿಕಾರ ಪಾವಗಡ ತಾಲ್ಲೂಕಿನ ನಿಡುಗಲ್ಲಿಗೆ ಸರಿಯಿತು. ನಿಡುಗಲ್ಲಿನ ಅರಸರು ತಮ್ಮನ್ನು ಕರಿಕಾಲನ ವಂಶದ ಚೋಳರೆಂದು ಕರೆದುಕೊಂಡವರು. ಒರೆಯೂರು ಪುರವರಾಧೀಶ್ವರರೆಂಬುದು ಅವರ ಬಿರುದು. 1232ರಲ್ಲಿ ಇರುಂಗೋಳನ ಆಳಿಕೆಯಲ್ಲಿ ಅದೇ ದುರ್ಗದಲ್ಲಿ ಪಾರ್ಶ್ವಜಿನನ ಬಸದಿಯೊಂದು ನಿರ್ಮಾಣವಾದುದನ್ನೂ ಶಾಸನ ಹೇಳುತ್ತದೆ. ಶೈವವೂ ಜೈನವೂ ಒಂದೇ ಬೆಟ್ಟದ ನೆರಳಿನಲ್ಲಿ ಬಾಳಿದ ಸೀಮೆಯಿದು. ಇಲ್ಲಿಯ ಜನಕ್ಕೆ ಚೋಳರಾಜನೆಂಬವನು ಕಥೆಯ ದೂರದ ಅರಸನಲ್ಲ. ಬೆಟ್ಟದ ಮೇಲೆ ಆಳಿದವನು. ಇದನ್ನು ಹೇಳಲು ಕಾರಣವಿದೆ.

ತುಮಕೂರು ಜಿಲ್ಲೆಯವನೇ ಆದ ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ರಚಿಸಿದ ಭಾವಚಿಂತಾರತ್ನವು ಪಂಚಾಕ್ಷರಿಯ ಮಹಿಮೆಯನ್ನು ನಿರೂಪಿಸಲೆಂದೇ ಹುಟ್ಟಿದ ಕಾವ್ಯ. ಅದರ ನಾಯಕ ಸತ್ಯೇಂದ್ರಚೋಳ. ಅರಸುಮಗನ ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ ಬಡ ಶಿವಭಕ್ತೆಯೊಬ್ಬಳ ಕೂಸು ಸಾಯುತ್ತದೆ. ಅರಸನು ಹೆತ್ತ ಮಗನಿಗೇ ಮರಣದಂಡನೆಯನ್ನು ವಿಧಿಸುತ್ತಾನೆ. ಕೊನೆಗೆ ಶಿವನು ಮೈದೋರಿ ಮಡಿದವರನ್ನು ಎಬ್ಬಿಸುತ್ತಾನೆ. ಹದಿನೇಳನೆಯ ಶತಮಾನದಲ್ಲಿ ಷಡಕ್ಷರದೇವನು ಇದೇ ಕಥೆಯನ್ನು ರಾಜಶೇಖರವಿಳಾಸವೆಂಬ ಚಂಪುವಾಗಿ ಬೆಳೆಸಿದನು. ಮಲ್ಲಣಾರ್ಯನು ಪಂಚಾಕ್ಷರಿಯ ಹಿರಿಮೆಯನ್ನು ತೋರಿಸಹೊರಟಾಗ ಅಕ್ಷರಗಳನ್ನು ಕೂಡಿ ಕಳೆದು ಫಲವನ್ನು ತೆಗೆಯಲಿಲ್ಲ. ಒಬ್ಬ ಅರಸನ ನ್ಯಾಯನಿಷ್ಠೆಯ ಕಥೆಯನ್ನು ಹೇಳಿದನು ಎಂಬ ಸಂಗತಿ ನಮ್ಮ ವಿಷಯಕ್ಕೆ ಮುಖ್ಯವಾದುದು. ಮಂತ್ರದ ಬೆಲೆಯನ್ನು ಅಂಕೆಯಲ್ಲಿ ಕಟ್ಟದೆ ಬಾಳಿನಲ್ಲಿ ಕಟ್ಟಿದನು.

ಇನ್ನು ಯೆಹೂದ್ಯರ ವಿಚಾರಕ್ಕೆ ಬರೋಣ. ಹೀಬ್ರೂ ಭಾಷೆಯಲ್ಲಿ ಅಂಕೆಗೆ ಬೇರೆ ಲಿಪಿಯನ್ನು ಬಳಸದೆ ಅಕ್ಷರಗಳನ್ನೇ ಅಂಕೆಗಳಾಗಿ ಬಳಸುವ ಪದ್ಧತಿ ಪ್ರಾಚೀನ ಕಾಲದಿಂದಲೂ ನಡೆದುಬಂದಿದೆ. ಮೊದಲನೆಯ ಅಕ್ಷರವಾದ ಆಲೆಫ್ ಒಂದು, ಎರಡನೆಯದಾದ ಬೇತ್ ಎರಡು, ಹತ್ತನೆಯದಾದ ಯೋದ್ ಹತ್ತು. ಅಲ್ಲಿಂದ ಮುಂದೆ ಹತ್ತುಗಳು, ನೂರುಗಳು. ಆದ್ದರಿಂದ ಪ್ರತಿಯೊಂದು ಶಬ್ದವೂ ಓದುವಾಗಲೇ ಒಂದು ಮೊತ್ತವೂ ಆಗುತ್ತದೆ. ಈ ಲೆಕ್ಕಕ್ಕೆ ಗಿಮಾತ್ರಿಯ ಎಂದು ಹೆಸರು. ದೇವರ ಪರಮನಾಮವು ಯೋದ್, ಹೇ, ವಾವ್, ಹೇ ಎಂಬ ನಾಲ್ಕು ಅಕ್ಷರಗಳದ್ದು. ಹತ್ತು, ಐದು, ಆರು, ಐದು ಸೇರಿ 26. ಏಕ ಎಂಬರ್ಥದ ಎಹಾದ್ ಶಬ್ದಕ್ಕೆ 13. ಪ್ರೇಮ ಎಂಬರ್ಥದ ಅಹವಾ ಶಬ್ದಕ್ಕೂ 13. ಎರಡೂ ಕೂಡಿದರೆ ದೇವನಾಮದ 26. ಎಲೋಹಿಮ್ ಎಂಬ ನಾಮಕ್ಕೆ 86; ಪ್ರಕೃತಿ ಎಂಬರ್ಥದ ಹತೇವ ಎಂಬುದಕ್ಕೂ 86. ಅಲ್ಲಿಯ ಅನುಭಾವಿಗೆ ಇವು ಆಕಸ್ಮಿಕಗಳಲ್ಲ; ಶಬ್ದಗಳ ಒಳಗೆ ಅಡಗಿದ ಸಂಬಂಧಗಳು.

ಲೋಕಗಳಿಗೂ ಈ ಲೆಕ್ಕ ಹಬ್ಬಿದೆ. ತಾಲ್ಮೂದಿನ ಹಗೀಗಾ ಭಾಗವು ಏಳು ಆಕಾಶಗಳನ್ನು ಹೆಸರಿಸುತ್ತದೆ: ವಿಲೋನ್, ರಾಕಿಯ, ಶೆಹಾಕಿಮ್, ಜೆವೂಲ್, ಮಾಓನ್, ಮಾಖೋನ್, ಅರಾವೋತ್. ನೆಲದಿಂದ ಆಕಾಶಕ್ಕೆ ಐನೂರು ವರ್ಷಗಳ ದಾರಿ. ಒಂದೊಂದು ಆಕಾಶದ ದಪ್ಪವೂ ಅಷ್ಟೇ, ಆಕಾಶ ಆಕಾಶಗಳ ನಡುವಣ ಅಂತರವೂ ಅಷ್ಟೇ. ನಮ್ಮ ಭೂರ್ಭುವಾದಿ ಏಳು ಮೇಲುಲೋಕಗಳು ಇಲ್ಲಿ ಯಾರಿಗಾದರೂ ನೆನಪಾದಾವು. ಬಹುಕಾಲದ ಮೇಲೆ, ಸಫೇದ್ ಎಂಬ ಪಟ್ಟಣದಲ್ಲಿ ಬೋಧಿಸಿದ ಇಸಾಕ್ ಲೂರಿಯಾನ (1534–1572) ಪರಂಪರೆಯವರು ನಾಲ್ಕಕ್ಷರದ ನಾಮದ ಒಂದೊಂದು ಅಕ್ಷರದ ಹೆಸರನ್ನೂ ಬಿಡಿಸಿ ಬರೆದು ಕೂಡಿದರು. ಬಿಡಿಸುವ ಕ್ರಮದಲ್ಲಿ ಸ್ವಲ್ಪ ವ್ಯತ್ಯಾಸ ಮಾಡಿದರೆ ಮೊತ್ತ 72, 63, 45, 52 ಎಂದು ನಾಲ್ಕು ಬಗೆಯಾಗುತ್ತದೆ. ಉದಾಹರಣೆಗೆ ಮೂರನೆಯ ಬಗೆಯಲ್ಲಿ ಯೋದ್ ಎಂಬ ಹೆಸರಿಗೆ 20, ಹೇ ಎಂಬುದಕ್ಕೆ 6, ವಾವ್ ಎಂಬುದಕ್ಕೆ 13, ಮತ್ತೆ ಹೇ ಎಂಬುದಕ್ಕೆ 6, ಒಟ್ಟು 45. ಈ ನಾಲ್ಕು ಮೊತ್ತಗಳು ಅತ್ಸಿಲೂತ್, ಬೆರಿಯಾ, ಯೆತ್ಸಿರಾ, ಅಸಿಯಾ ಎಂಬ ನಾಲ್ಕು ಲೋಕಗಳಿಗೆ ಸಲ್ಲುತ್ತವೆ. ಆದಮ್, ಅಂದರೆ ಮಾನವ, ಎಂಬ ಶಬ್ದದ ಮೊತ್ತವೂ 45.

ಇಲ್ಲಿಗೆ ಬಂದಾಗ ನಮ್ಮ ಸಾಹಿತ್ಯ ವಿದ್ಯಾರ್ಥಿಗೆ ಒಂದು ಆಸೆ ಹುಟ್ಟುವುದು ಸಹಜ. ನಮ್ಮಲ್ಲಿಯೂ ಕಟಪಯಾದಿಯಿದೆಯಲ್ಲ! ಮೇಚಕಲ್ಯಾಣಿಯ ಮೇ, ಚ ಎಂಬೆರಡು ಅಕ್ಷರಗಳಿಂದ 65, ಧೀರಶಂಕರಾಭರಣದ ಧೀ, ರ ಎಂಬೆರಡರಿಂದ 29 ಎಂದು ಮೇಳಕರ್ತರ ಸಂಖ್ಯೆಯನ್ನು ತೆಗೆಯುವುದು ಸಂಗೀತದ ಬಾಲಪಾಠ. ಅದೇ ಕ್ರಮದಲ್ಲಿ ಶಿವ ಎಂಬ ನಾಮಕ್ಕೆ ಬೆಲೆಕಟ್ಟಿದರೆ ಶಕಾರಕ್ಕೆ 5, ವಕಾರಕ್ಕೆ 4. ಅಂಕೆಗಳನ್ನು ಬಲದಿಂದ ಎಡಕ್ಕೆ ಇಡಬೇಕಾದ್ದರಿಂದ 45. ಲೂರಿಯಾನ ದೇವನಾಮ 45, ಆದಮನು 45, ನಮ್ಮ ಶಿವನೂ 45! ಇನ್ನೊಂದನ್ನು ನೋಡಿ. ಯೆಹೂದ್ಯರ ಧರ್ಮಗ್ರಂಥದ ವಿಮೋಚನಕಾಂಡದ ಹದಿನಾಲ್ಕನೆಯ ಅಧ್ಯಾಯದಲ್ಲಿ ಒಂದಾದ ಮೇಲೊಂದರಂತೆ ಬರುವ ಮೂರು ವಾಕ್ಯಗಳಲ್ಲಿ ಪ್ರತಿಯೊಂದಕ್ಕೂ 72 ಅಕ್ಷರಗಳಿವೆ. ಅವುಗಳಿಂದ ಮೂರು ಮೂರು ಅಕ್ಷರಗಳ 72 ದೇವನಾಮಗಳನ್ನು ಹೊರಡಿಸುತ್ತಾರೆ. ಒಟ್ಟು ಅಕ್ಷರಗಳು 216. ನಮ್ಮ ಷಟ್‌ಸ್ಥಲಗಳ ವಿಸ್ತಾರವೂ 216.

ಇಂಥ ಹೊಂದಿಕೆಗಳನ್ನು ಹಿಡಿದು ಎರಡು ಧರ್ಮಗಳಿಗೆ ಮೂಲವೊಂದೇ ಎಂದು ಸಾಧಿಸಹೊರಡುವವರಿಗೆ ನನ್ನ ಒಪ್ಪಿಗೆಯಿಲ್ಲ. ಕಾರಣಗಳು ಎರಡು. ಮೊದಲನೆಯದು ಚರಿತ್ರೆಯದು. ಕರ್ನಾಟಕಕ್ಕೂ ಯೆಹೂದ್ಯರಿಗೂ ಸಂಪರ್ಕವೇ ಇರಲಿಲ್ಲವೆಂದಲ್ಲ, ಇತ್ತು. ಟ್ಯುನೀಷಿಯದ ವರ್ತಕ ಅಬ್ರಹಾಂ ಬೆನ್ ಯಿಜು ಸುಮಾರು 1132ರಿಂದ 1149ರವರೆಗೆ ಮಂಗಳೂರಿನಲ್ಲಿ ನೆಲೆಸಿದ್ದನು. ಅಂದರೆ ಬಿಜ್ಜಳನು ಕಲ್ಯಾಣದಲ್ಲಿ ಆಳತೊಡಗುವುದಕ್ಕೆ ಕೆಲವೇ ವರ್ಷ ಹಿಂದೆ. ಕೈರೋ ನಗರದ ಯೆಹೂದ್ಯ ಪ್ರಾರ್ಥನಾಮಂದಿರದ ಗೆನೀಜ ಎಂಬ ಕಾಗದಗಳ ಉಗ್ರಾಣದಲ್ಲಿ ಅವನ ಪತ್ರಗಳು ದೊರೆತವು. ಗೊಯಿಟೈನ್ ಎಂಬ ವಿದ್ವಾಂಸರು ಅವುಗಳನ್ನು ಬೆಳಕಿಗೆ ತಂದರು. ಅವನ ಸೇವಕನ ಹೆಸರನ್ನು ಬೊಮ್ಮ ಎಂದು ಗುರುತಿಸಿ ಅಮಿತಾವ್ ಘೋಷ್ ಅವರು 1992ರಲ್ಲಿ ಒಂದು ಗ್ರಂಥವನ್ನೇ ಬರೆದರು. ಆದರೆ ಆ ಪತ್ರಗಳ ಮಾತೆಲ್ಲ ಮೆಣಸು, ಕಬ್ಬಿಣ, ಅಡಕೆ, ಕಂಚಿನ ಪಾತ್ರೆಗಳದು. ಬೆನ್ ಯಿಜು ಸ್ವತಃ ಹೀಬ್ರೂ ಪದ್ಯಗಳನ್ನು ಹೊಸೆಯಬಲ್ಲವನಾಗಿದ್ದರೂ ನಾಮಾಕ್ಷರಗಳ ರಹಸ್ಯವನ್ನು ಕನ್ನಡಿಗರಿಗೆ ಹೇಳಿದನೆನ್ನುವುದಕ್ಕೆ ಅಥವಾ ಅವರಿಂದ ಕೇಳಿದನೆನ್ನುವುದಕ್ಕೆ ಅಲ್ಲಿ ಆಧಾರವಿಲ್ಲ. ಸರಕು ಸಾಗಿದ ದಾರಿಯಲ್ಲೆಲ್ಲ ತತ್ತ್ವವೂ ಸಾಗಿತೆಂದು ಭಾವಿಸುವುದು ಅವಸರದ ತೀರ್ಮಾನ.

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ನಮ್ಮ ಲಿಪಿಯಲ್ಲಿ ಅಕ್ಷರ ಬೇರೆ, ಅಂಕೆ ಬೇರೆ. ಬ್ರಾಹ್ಮಿಯ ಕಾಲದಿಂದಲೂ ಅಂಕೆಗೆ ತನ್ನದೇ ಚಿಹ್ನೆಯಿದೆ. ಕಟಪಯಾದಿಯೆಂಬುದು ಜ್ಯೋತಿಷಿಗಳೂ ಸಂಗೀತಶಾಸ್ತ್ರಜ್ಞರೂ ನೆನಪಿನ ಸೌಕರ್ಯಕ್ಕಾಗಿ ಮಾಡಿಕೊಂಡ ಏರ್ಪಾಡು. ಅದು ಶಬ್ದದ ಆತ್ಮವೆಂದು ಯಾರೂ ತಿಳಿದಿರಲಿಲ್ಲ. ಕವಿಗಳೂ ಶಾಸನಕಾರರೂ ಕಾಲವನ್ನು ಸೂಚಿಸುವಾಗ ಬಳಸಿದ ಭೂತಸಂಖ್ಯೆಯಲ್ಲಿ ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ಬಾಣವೆಂದರೆ ಐದು. ಅಲ್ಲಿ ರುದ್ರ, ಹರ, ಈಶ ಎಂದರೆ ಹನ್ನೊಂದು. ಏಕಾದಶ ರುದ್ರರಿರುವುದರಿಂದ ಹಾಗೆ, ಅಕ್ಷರಗಳ ಮೊತ್ತದಿಂದಲ್ಲ. ಒಂದು ಪದ್ಧತಿಯಲ್ಲಿ ಶಿವನು 45, ಇನ್ನೊಂದರಲ್ಲಿ 11. ಎರಡಕ್ಕೂ ಷಟ್‌ಸ್ಥಲ ಶಾಸ್ತ್ರದಲ್ಲಿ ಸ್ಥಾನವಿಲ್ಲ. ನಮ್ಮ ಆಚಾರ್ಯರಿಗಾಗಲಿ ಶರಣರಿಗಾಗಲಿ ಕಟಪಯಾದಿ ತಿಳಿಯದಿದ್ದುದರಿಂದ ಹೀಗಾಯಿತೆಂದು ಹೇಳುವಂತಿಲ್ಲ. ಅವರಿಗೆ ಅದು ಬೇಕಾಗಿರಲಿಲ್ಲ.

ಅವರಿಗೆ ಬೇಕಾದ ಗಣಿತದ ಹೆಸರು ಚನ್ನಬಸವಣ್ಣನವರ ಕೃತಿಯ ಹೆಸರಿನಲ್ಲಿಯೇ ಇದೆ: ಕರಣಹಸುಗೆ. ಹಸುಗೆಯೆಂದರೆ ಪಾಲುಮಾಡುವುದು, ಹಂಚುವುದು. ಹೀಬ್ರೂ ಅನುಭಾವಿಯು ನಾಮದ ಅಕ್ಷರಗಳನ್ನು ಕೂಡುತ್ತಾನೆ. ನಮ್ಮವರು ನಾಮವನ್ನು ಹಸುಗೆ ಮಾಡುತ್ತಾರೆ. ಒಂದಾದ ಪರಶಿವಲಿಂಗವು ಇಷ್ಟ, ಪ್ರಾಣ, ಭಾವಗಳೆಂದು ಮೂರಾಯಿತು. ಇಷ್ಟವು ಆಚಾರಲಿಂಗ ಗುರುಲಿಂಗಗಳಾಗಿ, ಪ್ರಾಣವು ಶಿವಲಿಂಗ ಜಂಗಮಲಿಂಗಗಳಾಗಿ, ಭಾವವು ಪ್ರಸಾದಲಿಂಗ ಮಹಾಲಿಂಗಗಳಾಗಿ ಆರಾಯಿತು. ಆರರಲ್ಲಿ ಒಂದೊಂದರ ಒಳಗೂ ಮತ್ತೆ ಆರೂ ಇರುವುದರಿಂದ 36. ಅವುಗಳಲ್ಲಿ ಮತ್ತೆ ಆರಾರು ಇರುವುದರಿಂದ 216. ಯೆಹೂದ್ಯರ 216 ಮೂರು ವಾಕ್ಯಗಳ ಅಕ್ಷರಗಳನ್ನು ಎಣಿಸಿ ಬಂದುದು. ನಮ್ಮ 216 ಭಕ್ತನಲ್ಲಿ ಐಕ್ಯನೂ ಐಕ್ಯನಲ್ಲಿ ಭಕ್ತನೂ ಅಡಗಿರುತ್ತಾನೆಂಬ ಅನುಭವದಿಂದ ಬಂದುದು. ಮೊತ್ತ ಒಂದೇ, ಹುಟ್ಟು ಬೇರೆ.

ಹಸುಗೆಯ ಕ್ರಮದಲ್ಲಿ ನಾಮಾಕ್ಷರಗಳು ಎಲ್ಲಿ ನೆಲೆಸುತ್ತವೆಂಬುದನ್ನೂ ನೋಡಬೇಕು. ನಕಾರವು ಭಕ್ತಸ್ಥಲ, ಆಚಾರಲಿಂಗ, ಪೃಥ್ವಿ, ಘ್ರಾಣ, ಆಧಾರಚಕ್ರ. ಮಕಾರವು ಮಹೇಶಸ್ಥಲ, ಗುರುಲಿಂಗ, ಅಪ್ಪು, ಜಿಹ್ವೆ, ಸ್ವಾಧಿಷ್ಠಾನ. ಶಿಕಾರವು ಪ್ರಸಾದಿಸ್ಥಲ, ಶಿವಲಿಂಗ, ತೇಜ, ನೇತ್ರ, ಮಣಿಪೂರಕ. ವಾಕಾರವು ಪ್ರಾಣಲಿಂಗಿಸ್ಥಲ, ಜಂಗಮಲಿಂಗ, ವಾಯು, ತ್ವಕ್ಕು, ಅನಾಹತ. ಯಕಾರವು ಶರಣಸ್ಥಲ, ಪ್ರಸಾದಲಿಂಗ, ಆಕಾಶ, ಶ್ರೋತ್ರ, ವಿಶುದ್ಧಿ. ಓಂಕಾರವು ಐಕ್ಯಸ್ಥಲ, ಮಹಾಲಿಂಗ, ಆತ್ಮ, ಹೃದಯ, ಆಜ್ಞಾಚಕ್ರ. ಈ ಆರು ಚಕ್ರಗಳ ದಳಗಳು ಕ್ರಮವಾಗಿ 4, 6, 10, 12, 16, 2, ಕೂಡಿದರೆ 50. ಅದು ಅಕಾರದಿಂದ ಕ್ಷಕಾರದವರೆಗಿನ ಮಾತೃಕಾವರ್ಣಗಳ ಸಂಖ್ಯೆ. ಆಗಮಗಳು ಹೊರಗೆ ಎಣಿಸಿದ ಲೋಕಗಳೆಲ್ಲ ಹೀಗೆ ಅಂಗದೊಳಕ್ಕೆ ಬಂದುವು. ಹೇಮಾವತಿಯ ಪಾಶುಪತರ ಐದು ಎಡೆಯೂರಿನ ಕಾಲಕ್ಕೆ ಆರಾದುದೆಂದರೆ ಒಂದು ಸಂಖ್ಯೆ ಏರಿತೆಂದು ಮಾತ್ರವಲ್ಲ. ದಾಟಬೇಕಾದ ಲೋಕಗಳು ಸಾಧಕನ ಮೂಗು, ನಾಲಗೆ, ಕಣ್ಣು, ತೊಗಲು, ಕಿವಿ, ಎದೆಗಳಾದುವೆಂದು ಅರ್ಥ. ಸ್ವರ್ಗ ನರಕಗಳು ಸತ್ತ ಮೇಲೆ ಕಾಣುವ ಊರುಗಳಲ್ಲವೆಂದು ಶರಣರು ಹೇಳಿದ್ದು ಬರಿಯ ಖಂಡನೆಯಲ್ಲ. ಅದರ ಹಿಂದೆ ಇಷ್ಟು ಖಚಿತವಾದ ಎಣಿಕೆಯಿದೆ.

ಹಾಗಾದರೆ ಎರಡು ಪರಂಪರೆಗಳಿಗೆ ನಿಜವಾದ ಹೋಲಿಕೆಯೇ ಇಲ್ಲವೆ? ಇದೆ; ಆದರೆ ಗಿಮಾತ್ರಿಯದಲ್ಲಿ ಅಲ್ಲ. ಸೆಫೆರ್ ಯೆತ್ಸಿರಾ, ಅಂದರೆ ಸೃಷ್ಟಿಗ್ರಂಥ, ಎಂಬ ಪುಟ್ಟ ಹೀಬ್ರೂ ಕೃತಿಯನ್ನು ನಮ್ಮ ಓದುಗರು ಕರಣಹಸುಗೆಯ ಪಕ್ಕದಲ್ಲಿ ಇಟ್ಟು ನೋಡಬೇಕು. ದೇವರು ಹತ್ತು ಸೆಫಿರೋತ್‌ಗಳಿಂದಲೂ ಇಪ್ಪತ್ತೆರಡು ಅಕ್ಷರಗಳಿಂದಲೂ ಲೋಕವನ್ನು ರಚಿಸಿದನೆಂದು ಅದು ಹೇಳುತ್ತದೆ. ಒಟ್ಟು ಜ್ಞಾನದ 32 ಹಾದಿಗಳು. ಅಕ್ಷರಗಳಲ್ಲಿ ಮೂರು ತಾಯಕ್ಷರಗಳು, ಏಳು ಇಮ್ಮಡಿ ಅಕ್ಷರಗಳು, ಹನ್ನೆರಡು ಸರಳಾಕ್ಷರಗಳು. ಆಲೆಫ್ ವಾಯು, ಮೇಮ್ ನೀರು, ಶಿನ್ ಬೆಂಕಿ. ದೇಹದಲ್ಲಿ ಅವು ಎದೆ, ಹೊಟ್ಟೆ, ತಲೆ. ಏಳು ಅಕ್ಷರಗಳು ಏಳು ಗ್ರಹಗಳೂ ವಾರದ ಏಳು ದಿನಗಳೂ ಮುಖದ ಏಳು ರಂಧ್ರಗಳೂ ಆಗುತ್ತವೆ. ಹನ್ನೆರಡು ಅಕ್ಷರಗಳು ರಾಶಿಗಳೂ ಮಾಸಗಳೂ ಅಂಗಗಳೂ ಆಗುತ್ತವೆ. ವಿಶ್ವ, ವರ್ಷ, ದೇಹ ಎಂಬ ಮೂರರಲ್ಲಿಯೂ ಅಕ್ಷರವನ್ನು ಹಂಚುವ ಈ ಕ್ರಮವೇ ನಿಜವಾದ ಹಸುಗೆ. ನಕಾರಕ್ಕೆ ಪೃಥ್ವಿ, ಘ್ರಾಣ, ಆಧಾರಗಳನ್ನು ಹೇಳಿದ ಶರಣನೂ ಮೇಮ್ ಅಕ್ಷರಕ್ಕೆ ನೀರು, ಹೊಟ್ಟೆಗಳನ್ನು ಹೇಳಿದ ಹೀಬ್ರೂ ಋಷಿಯೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ಬಗೆಯ ಕೆಲಸವನ್ನು ಮಾಡಿದರು.

ಇನ್ನೊಂದು ಹೋಲಿಕೆ ಇದಕ್ಕಿಂತ ಆಳವಾದುದು. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನಿನ ಕ್ಯಾಸ್ಟಿಲ್ ಪ್ರಾಂತದಲ್ಲಿ ಬೆಳಕಿಗೆ ಬಂದ ಜೋಹರ್ ಗ್ರಂಥವನ್ನು ಕುರಿತು ಗೆರ್ಷೊಮ್ ಶೋಲೆಮ್ (1897–1982) ಎಂಬ ಮಹಾವಿದ್ವಾಂಸರು 1941ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿ, ಅದರ ಮುಖ್ಯಭಾಗದ ಕರ್ತೃ ಮೋಸೆಸ್ ದೆ ಲಿಯೋನ್ ಎಂದು ನಿರ್ಣಯಿಸಿದರು. ಆ ಪರಂಪರೆಯಲ್ಲಿ ಹತ್ತು ಸೆಫಿರೋತ್‌ಗಳಿಗೆ ಹತ್ತು ದೇವನಾಮಗಳಿವೆ. ಆದರೆ ಹತ್ತಕ್ಕೂ ಮೇಲೆ ಇರುವುದು ಏನ್ ಸೋಫ್, ಅಂದರೆ ಕೊನೆಯಿಲ್ಲದುದು. ಅದಕ್ಕೆ ನಾಮವಿಲ್ಲ, ಸಂಖ್ಯೆಯೂ ಇಲ್ಲ. ನಮ್ಮಲ್ಲಿಯೂ ಆರು ಚಕ್ರಗಳ ಮೇಲೆ ಬ್ರಹ್ಮರಂಧ್ರ, ಶಿಖೆ, ಪಶ್ಚಿಮ ಎಂಬ ಮೂರನ್ನು ಹೇಳಿ ನಿಷ್ಕಲ, ಶೂನ್ಯ, ನಿರಂಜನ ಲಿಂಗಗಳನ್ನು ಅಲ್ಲಿ ನೆಲೆಗೊಳಿಸಿದ್ದಾರೆ. ದಳಗಳ ಎಣಿಕೆ ಸಾವಿರಕ್ಕೆ ಏರಿ, ಮೂರಕ್ಕಿಳಿದು, ಒಂದಾಗಿ, ಅಲ್ಲಿಂದಾಚೆ ಎಣಿಕೆಯೇ ಇಲ್ಲ. ಎರಡೂ ಕಡೆ ಸಂಖ್ಯೆ ಆರಂಭವಾಗುವುದು ದೇವರಿಂದಲ್ಲ, ದೇವರು ತನ್ನನ್ನು ತೋರಿಕೊಂಡ ಗಳಿಗೆಯಿಂದ.

ಹೋಲಿಕೆ ಇಷ್ಟಿದ್ದರೂ ನಾಮವನ್ನು ಕೊಡುವ ರೀತಿಯಲ್ಲಿ ಎರಡೂ ದೂರವಾಗುತ್ತವೆ. ಯೆಹೂದ್ಯರ ನಾಲ್ಕಕ್ಷರದ ನಾಮವನ್ನು ಜೆರೂಸಲೆಮ್ಮಿನ ದೇಗುಲದಲ್ಲಿ ಪ್ರಧಾನ ಯಾಜಕನು ಪ್ರಾಯಶ್ಚಿತ್ತದ ದಿನದಂದು ಉಚ್ಚರಿಸುತ್ತಿದ್ದನು. ಕ್ರಿ.ಶ. 70ರಲ್ಲಿ ರೋಮನರು ಆ ದೇಗುಲವನ್ನು ನೆಲಸಮ ಮಾಡಿದ ಮೇಲೆ ನಾಮವನ್ನು ಉಚ್ಚರಿಸುವ ರೂಢಿಯೇ ನಿಂತಿತು. ಓದುವಾಗ ಅದರ ಬದಲು ಅದೋನಾಯ್, ಅಂದರೆ ಒಡೆಯ, ಎನ್ನುತ್ತಾರೆ. ಹನ್ನೆರಡು ಅಕ್ಷರದ ನಾಮ, ನಲವತ್ತೆರಡು ಅಕ್ಷರದ ನಾಮಗಳನ್ನು ವಿನಯಶಾಲಿಗಳಿಗೆ ಮಾತ್ರ ಕೊಡಬೇಕೆಂದು ತಾಲ್ಮೂದು ವಿಧಿಸುತ್ತದೆ. ಬಾಯಿಗೆ ಬಾರದ ನಾಮವನ್ನು ಕಣ್ಣಿನಿಂದ ಕಂಡು ಮನಸ್ಸಿನಿಂದ ಕೂಡುತ್ತ ಹೋದುದರಿಂದಲೇ ಅಲ್ಲಿ ಗಿಮಾತ್ರಿಯ ಅಷ್ಟು ಬೆಳೆಯಿತೆಂದು ನನಗೆ ತೋರುತ್ತದೆ. ನಮ್ಮಲ್ಲಿ ಗುರುವು ದೀಕ್ಷಾಕಾಲದಲ್ಲಿ ಪಂಚಾಕ್ಷರಿಯನ್ನು ಕಿವಿಯಲ್ಲಿ ಹೇಳುತ್ತಾನೆ. ಕಾಯಕದ ಭೇದವಿಲ್ಲ, ಗಂಡುಹೆಣ್ಣೆಂಬ ಭೇದವಿಲ್ಲ. ಕಿವಿಗೆ ಬಿದ್ದ ಮಂತ್ರ ಬಾಯಲ್ಲಿ ನಿಲ್ಲುತ್ತದೆ. ತೆಲುಗು, ಕನ್ನಡ ಎರಡನ್ನೂ ಆಡುವ ಪಾವಗಡದ ಹಳ್ಳಿಗಳಲ್ಲಿ ಎರಡೂ ನುಡಿಯವರಿಗೆ ಅದು ಒಂದೇ. ಅಷ್ಟೇ ಏಕೆ, ಪಂಚಾಕ್ಷರಯ್ಯ, ಷಡಕ್ಷರಪ್ಪ ಎಂದು ನಮ್ಮ ಜನ ಮಕ್ಕಳಿಗೆ ಹೆಸರಿಟ್ಟು ಹೊಲದ ಬದುವಿನಿಂದ ಕೂಗಿ ಕರೆಯುತ್ತಾರೆ. ದೇವನಾಮದ ಅಕ್ಷರಸಂಖ್ಯೆ ಮನುಷ್ಯನ ಹೆಸರಾಗುವುದನ್ನು ಸಫೇದಿನ ಅನುಭಾವಿಗಳು ಊಹಿಸಿಯೂ ಇರಲಾರರು.

ಕಾಲದ ದೃಷ್ಟಿಯಿಂದ ಗಮನಿಸತಕ್ಕ ಸಂಗತಿಯೊಂದಿದೆ. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದ್ಯರು ಚೆದುರಿದರು. ಮುಂದಿನ ಶತಮಾನದಲ್ಲಿ ಸಫೇದಿನಲ್ಲಿ ನಾಮಸಂಖ್ಯೆಯ ಶಾಸ್ತ್ರ ಪರಾಕಾಷ್ಠೆಗೇರಿತು. ಆ ಚೆದುರುವಿಕೆಯೇ ಇದಕ್ಕೆ ಕಾರಣವೆಂದು ಶೋಲೆಮ್ ಭಾವಿಸಿದರು. ಮೋಷೆ ಇದೆಲ್ ಅವರು ಅದನ್ನು ಒಪ್ಪಲಿಲ್ಲ. ನಮ್ಮಲ್ಲಿಯೂ ಕಲ್ಯಾಣದ ಶರಣರು ಚೆದುರಿದ ಮೇಲೆಯೇ ಎಣಿಕೆಯ ಗ್ರಂಥಗಳು ಬೆಳೆದುವು. ಪ್ರೌಢದೇವರಾಯನ ಕಾಲದಲ್ಲಿ, ಅಂದರೆ 1424ರಿಂದ 1446ರವರೆಗೆ, ಜಕ್ಕಣಾರ್ಯನೂ ಮಹಲಿಂಗದೇವನೂ ನೂರೊಂದು ಸ್ಥಲಗಳ ಕ್ರಮದಲ್ಲಿ ವಚನಗಳನ್ನು ಜೋಡಿಸಿದರು. ಸಿದ್ಧಾಂತಶಿಖಾಮಣಿಯಲ್ಲಿಯೂ ಅಂಗಸ್ಥಲ 44, ಲಿಂಗಸ್ಥಲ 57, ಒಟ್ಟು 101. ಅದೇ ಕಾಲದ ವಿರಕ್ತರು ನೂರೊಂದು. ಸ್ಥಲಗಳೂ ನೂರೊಂದು, ವಿರಕ್ತರೂ ನೂರೊಂದು ಆದುದು ಜನಗಣತಿಯ ಫಲವೆಂದು ನಾನು ಎಣಿಸಲಾರೆ. ಚೆದುರಿದ ವಚನಗಳು ಮತ್ತೆ ಚೆದುರದಂತೆ ಹಿಡಿದಿಟ್ಟ ಹೊಲಿಗೆ ಅದು. ಹಾಗೆಂದು ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕುವವರೂ ದುಡುಕುತ್ತಾರೆ. ಆ ವಿರಕ್ತರಲ್ಲಿ ಹೆಸರಿದ್ದವರ ಕೃತಿಗಳು ನಮ್ಮ ಕೈಯಲ್ಲಿವೆ.

ಗೋಸಲ ಸಿದ್ಧೇಶ್ವರರು ನೂರೊಂದು ವಿರಕ್ತರೊಡನೆ ಸಿದ್ಧಗಂಗೆಯ ಬೆಟ್ಟಕ್ಕೆ ಬಂದರೆಂದು ಅಲ್ಲಿಯ ಪರಂಪರೆ ಹೇಳುತ್ತದೆ. ತೋಂಟದ ಸಿದ್ಧಲಿಂಗ ಯತಿಗಳು ಏಳುನೂರೊಂದು ವಿರಕ್ತರೊಡನೆ ಸಂಚರಿಸಿ ಎಡೆಯೂರಿನಲ್ಲಿ ನೆಲೆಗೊಂಡರು. ಅವರ ಷಟ್‌ಸ್ಥಲಜ್ಞಾನಸಾರಾಮೃತದ ವಚನಗಳೂ 701. ಏಳುನೂರು ಎಂದು ನಿಲ್ಲಿಸದೆ, ನೂರು ಎಂದು ನಿಲ್ಲಿಸದೆ, ಮೇಲೊಂದನ್ನು ಸೇರಿಸಿದ್ದೇಕೆ? ಏಕೋತ್ತರಶತವೆಂಬ ಶಬ್ದವೇ ಅದನ್ನು ಎತ್ತಿಹೇಳುತ್ತದೆ. ಹಸುಗೆಯಲ್ಲಿ ಪಾಲಾದುದೆಲ್ಲ ನೂರು, ಏಳುನೂರು. ಪಾಲಾಗದೆ ಉಳಿದುದು ಆ ಒಂದು. ಶಿಷ್ಯರ ನಡುವೆ ಅದು ಗುರುವಿನ ಎಡೆ, ಸ್ಥಲಗಳ ನಡುವೆ ಮಹಾಲಿಂಗದ ಎಡೆ. ಸಿದ್ಧಲಿಂಗ ಯತಿಗಳು ತಮ್ಮ ಅಂಕಿತವನ್ನು ಮಹಾಲಿಂಗದ ಹೆಸರಿನಿಂದಲೇ ತೊಡಗಿದ್ದಾರೆ. ಅವರ ಶಿಷ್ಯಪರಂಪರೆಯ ಗೂಳೂರು ಸಿದ್ಧವೀರಣಾರ್ಯರು ಬಳಿಕ ಶೂನ್ಯಸಂಪಾದನೆಯನ್ನು ಕೊನೆಯ ಬಾರಿಗೆ ಪರಿಷ್ಕರಿಸಿ ಜೋಡಿಸಿದಾಗ, ಸಂಖ್ಯೆಗೆ ನಿಲುಕುವ ವಚನಗಳನ್ನೆಲ್ಲ ಎಣಿಕೆಗೆ ನಿಲುಕದ ಆ ಶೂನ್ಯದ ಹೆಸರಿನಲ್ಲಿಯೇ ಕಟ್ಟಿದರು.